ಸರದಿಯಲ್ಲೇ ಉಳಿದ ಪ್ಯಾಕೆಟ್

2000ದ ಜುಲೈ 30ರ ರಾತ್ರಿ ತಾಳವಾಡಿ ಬೆಟ್ಟಸೀಮೆಯ ದೊಡ್ಡಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ ಕಾಡಿಗೆ ಒಯ್ದ. ಅವನ ಮಾತು ಅಂದಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿದ್ದು ರಾಜ್‌ಕುಮಾರ್ ಪತ್ನಿ ಪಾರ್ವತಮ್ಮನವರ ಕೈಗೆ ಕೊಟ್ಟ ಕ್ಯಾಸೆಟ್ಟಿನಲ್ಲಿ. ಬಿಡುಗಡೆಗೆ 108 ದಿನ ಹಿಡಿಯಿತು. ಅಷ್ಟು ದಿನವೂ ಕಾಡಿನಿಂದ ನಾಡಿಗೆ ಬಂದ ಬೇಡಿಕೆಗಳು ಹೆಚ್ಚಾಗಿ ಕ್ಯಾಸೆಟ್ಟುಗಳಲ್ಲೇ ಬಂದವು.

ಈಗ ಅದೇ ಊರಿನ ಆಂಡ್ರಾಯ್ಡ್ ಫೋನಿನಿಂದ ಹೊರಟ ಸಂದೇಶ ಕಣ್ಣುಮಿಟುಕಿಸುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತದೆ. ಆ ಫೋನಿನ ಕಾರ್ಯಾಚರಣಾ ವ್ಯವಸ್ಥೆಯ ತಿರುಳು ಲಿನಕ್ಸ್ ಕರ್ನೆಲ್. ಸಂದೇಶವನ್ನು ಹೊತ್ತ ಪ್ಯಾಕೆಟ್ಟನ್ನು ಈಗಲೇ ಕಳಿಸಬೇಕೋ, ಆಮೇಲೋ ಎಂದು ತೀರ್ಮಾನಿಸುವುದು ಅದೇ.

ಹೊರಹೋಗುವ ಪ್ಯಾಕೆಟ್ಟುಗಳ ಸರದಿ ಖಾಲಿಯಿದ್ದರೆ ಪ್ಯಾಕೆಟ್ ನೇರವಾಗಿ ನೆಟ್‌ವರ್ಕ್ ಡ್ರೈವರ್ ಕೈ ಸೇರಬಹುದು. ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲಬೇಕು. ಸಾಲು ಕರಗಿಸುವ ಪ್ರೊಸೆಸರ್ ಕೋರ್ ಒಂದೇ ಸಲಕ್ಕೆ ಸುಮಾರು 64 ಪ್ಯಾಕೆಟ್ ಕಳಿಸಿ, ಉಳಿದದ್ದನ್ನು ಬಾಕಿ ಕೆಲಸ ಆಮೇಲೆ ಮಾಡುವ ಸಾಫ್ಟ್‌ಐಆರ್‌ಕ್ಯೂ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ಹೀಗೆ ಕೆಲಸವನ್ನು ಮುಂದಕ್ಕೆ ಹಾಕುವುದನ್ನೇ ಇಲ್ಲಿ ಶೆಡ್ಯೂಲಿಂಗ್ ಎನ್ನುತ್ತೇನೆ. ಅದು ಪುಕ್ಕಟೆಯಲ್ಲ: ಪ್ರೊಸೆಸರಿನ ಸಮಯ ತಿನ್ನುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ.

2018ರಲ್ಲಿ ಲಿನಕ್ಸ್‌ನ 4.16ನೇ ಆವೃತ್ತಿ ಬಂದಾಗ ಪಿಫಿಫೋ ಫಾಸ್ಟ್ ಎಂಬ ಸರದಿಯಿಂದ ದೊಡ್ಡ ಬೀಗವನ್ನು ತೆಗೆದರು. ವೇಗ ಹೆಚ್ಚಿತು, ಜೊತೆಗೆ ಒಂದು ಸೂಕ್ಷ್ಮ ದೋಷವೂ ಬಂತು. ಒಂದು ಕೋರ್ ಸಾಲು ಖಾಲಿಯೆಂದು ನೋಡಿ ಹೊರಡುವ ಮೊದಲೇ ಇನ್ನೊಂದು ಕೋರ್ ಪ್ಯಾಕೆಟ್ ಇಡುತ್ತದೆ. ಯಾರೋ ಕೆಲಸದಲ್ಲಿದ್ದಾರಲ್ಲ ಎಂದು ನಂಬಿ ಹೋಗಿಬಿಡುತ್ತದೆ. ಮೊದಲನೆಯ ಕೋರ್ ಕೂಡ ಹೊರಟಿತು. ಮುಂದಿನ ಪ್ಯಾಕೆಟ್ ಬರುವವರೆಗೆ ಈ ಪ್ಯಾಕೆಟ್ ಅಲ್ಲೇ ಅನಾಥ.

2021ರಲ್ಲಿ ಪರಿಹಾರ ಬಂತು. ಸಾಲು ಕರಗಿಸುವವರಿಗೆಂದು ಉಳಿದ ಚಿಕ್ಕ ಬೀಗ ಸಿಗದ ಕೋರ್ ಈಗ 'ಮಿಸ್ಡ್' ಎಂಬ ಗುರುತು ಹಾಕಿ ಹೋಗುತ್ತದೆ. ಹೊರಡುವ ಕೋರ್ ಆ ಗುರುತು ಕಂಡರೆ ಮರಳಿ ಶೆಡ್ಯೂಲ್ ಮಾಡಬೇಕು. ಆದರೆ ಆ ಪ್ಯಾಕೆಟ್ ಅಷ್ಟರಲ್ಲಿ ಹೋಗಿಬಿಟ್ಟಿದ್ದರೆ? ಆಗ ಗುರುತು ಸುಳ್ಳು, ಶೆಡ್ಯೂಲಿಂಗ್ ದಂಡ. ಅದಕ್ಕೇ ಸಾಲು ಖಾಲಿಯೆಂದು ಕಂಡಾಗ ಮೊದಲು ಗುರುತನ್ನು ಅಳಿಸಿ, ಆಮೇಲೆ ಇನ್ನೊಮ್ಮೆ ಸಾಲನ್ನು ನೋಡುವಂತೆ ಬರೆದರು. ಈ ಕ್ರಮವನ್ನು ತಿರುಗಿಸಿದರೆ ಪ್ಯಾಕೆಟ್ ಮತ್ತೆ ಸಾಲಿನಲ್ಲೇ ಸಿಕ್ಕಿಬಿದ್ದೀತು. ಕೆಲವೇ ಸಾಲಿನ ಈ ಕೋಡ್ ನನ್ನ ಮಟ್ಟಿಗೆ ಕರ್ನೆಲ್‌ನ ಅತ್ಯಂತ ಚೆಲುವಾದ ಭಾಗಗಳಲ್ಲೊಂದು. ಕೆಲಸ ಉಳಿಸುವ ಆತುರದಲ್ಲೂ ಒಂದು ಪ್ಯಾಕೆಟ್ಟನ್ನೂ ಅದು ಕೈಬಿಡುವುದಿಲ್ಲ.

ಇದೆಲ್ಲ ಎಲ್ಲರಿಗೂ ತೆರೆದಿಟ್ಟ ಕೋಡ್. ತಾಳವಾಡಿಯಲ್ಲೋ ಚಾಮರಾಜನಗರದಲ್ಲೋ ಕಂಪ್ಯೂಟರ್ ಓದುತ್ತಿರುವ ಮಕ್ಕಳೇ, ಪರೀಕ್ಷೆಯ ಟಿಪ್ಪಣಿ ಮುಗಿದ ಮೇಲೆ ಈ ಕೋಡ್ ಇರುವ ಲಿನಕ್ಸ್ ಕಡತಗಳನ್ನು ಒಮ್ಮೆ ತೆರೆದು ಓದಿ.