ರಾತ್ರಿಯ ರಸ್ತೆ ಮತ್ತು ಮೋಟಾರಿನ ವೇಗ

ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗಿನ ದಿನಗಳಲ್ಲಿ ಸವದತ್ತಿಯ ಸುತ್ತಲಿನ ರಸ್ತೆಗಳನ್ನು ಕಂಡವರು, ವಾಹನಗಳ ದಟ್ಟಣೆಯೆಂದರೇನೆಂಬುದನ್ನು ತಿಳಿಯಲು ದೊಡ್ಡ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಬಸ್ಸು, ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬರುತ್ತಾರೆ. ಕಾಲ್ನಡಿಗೆಯಿಂದ ಬರುವವರೂ ಕಡಮೆಯಲ್ಲ. ಕಬ್ಬು ಕಡಿಯುವ ಕಾಲವೂ ಅದೇ. ಬೈಲಹೊಂಗಲ, ಮುನವಳ್ಳಿ, ರಾಮದುರ್ಗದ ಕಡೆಯ ಹೊಲಗಳಿಂದ ಹೊರಟ ಟ್ರ್ಯಾಕ್ಟರುಗಳು, ಒಂದರ ಹಿಂದೊಂದು ಕಟ್ಟಿದ ಎರಡೆರಡು ಟ್ರೇಲರುಗಳನ್ನೆಳೆಯುತ್ತ ಹಗಲಿರುಳೆನ್ನದೆ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಪಟ್ಟಣದ ದಟ್ಟಣೆಯಲ್ಲಿ ಎಲ್ಲರೂ ನಿಧಾನವಾಗಿ ತೆವಳುತ್ತಾರೆ. ಇಲ್ಲಿ ಹಾಗಲ್ಲ, ತಾಸಿಗೆ 4 ಕಿಲೋಮೀಟರು ಸಾಗುವ ಚಕ್ಕಡಿಗೂ 80 ಕಿಲೋಮೀಟರು ಸಾಗುವ ಕಾರಿಗೂ ರಸ್ತೆ ಒಂದೇ.

ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ನವಿಲುತೀರ್ಥದ ಅಣೆಕಟ್ಟನ್ನು ನೋಡಲು ಹೋಗಿದ್ದೆವು. ಮಲಪ್ರಭೆಯು ಗುಡ್ಡವನ್ನು ಸೀಳಿದ ಕಮರಿಯನ್ನೂ ರೇಣುಕಾಸಾಗರವನ್ನೂ ನೋಡಿ ಹಿಂದಿರುಗುವಾಗ ಕತ್ತಲಾಯಿತು. ಬಸ್ಸನ್ನು ನಡೆಸುತ್ತಿದ್ದ ಹಿರಿಯರು ತಾಸಿಗೆ 50 ಕಿಲೋಮೀಟರನ್ನು ಮೀರಲೊಲ್ಲರು. 'ಅಜ್ಜಾರ, ಚಕ್ಕಡಿ ಹೊಡೀತೀರೇನು?' ಎಂದು ಹುಡುಗರು ಹಾಸ್ಯ ಮಾಡುತ್ತಿದ್ದಾಗಲೇ ಬ್ರೇಕು ಕಿರುಗುಟ್ಟಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಮೂರು ನಾಲ್ಕು ಮಾರು ಮುಂದೆ, ಗಾಲಿ ಕೆಟ್ಟು ನಿಂತ ಕಬ್ಬಿನ ಟ್ರೇಲರು! ಅದಕ್ಕೆ ಹಿಂದಿನ ದೀಪವಿರಲಿಲ್ಲ. ಹಿಂದಕ್ಕೆ ಚಾಚಿದ ಜಲ್ಲೆಗಳು ಬಸ್ಸಿನ ಗಾಜಿನ ಎತ್ತರಕ್ಕೇ ಇದ್ದುವು. ಆಮೇಲೆ ಊರು ಸೇರುವವರೆಗೆ ಯಾರೂ ಹಾಸ್ಯ ಮಾಡಲಿಲ್ಲ.

ಆ ಮೂರು ನಾಲ್ಕು ಮಾರುಗಳ ಲೆಕ್ಕವೇನೆಂಬುದನ್ನು ನೋಡೋಣ. ಅಡಚಣೆಯೊಂದು ಕಣ್ಣಿಗೆ ಬಿದ್ದೊಡನೆ ವಾಹನವು ನಿಲ್ಲುವುದಿಲ್ಲ. ಕಂಡದ್ದೇನೆಂಬುದನ್ನು ಮಿದುಳು ಗುರುತಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. ಆ ಅವಧಿಯಲ್ಲಿ ವಾಹನವು ಮೊದಲಿನ ವೇಗದಲ್ಲಿಯೇ ಓಡುತ್ತಿರುತ್ತದೆ. ಬಳಿಕ ಅದರ ಚಲನಶಕ್ತಿಯೆಲ್ಲ ಘರ್ಷಣೆಯಲ್ಲಿ ವ್ಯಯವಾಗಬೇಕು. ಚಲನಶಕ್ತಿಯು ವೇಗದ ವರ್ಗಕ್ಕನುಗುಣವಾದುದು. ಆದುದರಿಂದ ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಮಡಿಯಾಗುತ್ತದೆ.

ಒಣಗಿದ ಡಾಂಬರು ರಸ್ತೆಗೂ ಗಾಲಿಯ ರಬ್ಬರಿಗೂ ನಡುವಣ ಘರ್ಷಣಾಂಕವನ್ನು 0.7 ಎಂದು ಹಿಡಿಯೋಣ. ತಾಸಿಗೆ 60 ಕಿಲೋಮೀಟರು ವೇಗದ ಕಾರು ಚಾಲಕನ ಕಾಲು ಬ್ರೇಕಿಗೆ ಬರುವಷ್ಟರಲ್ಲಿ 25 ಮೀಟರು, ಬ್ರೇಕು ಹಿಡಿದ ಮೇಲೆ 20 ಮೀಟರು, ಒಟ್ಟು 45 ಮೀಟರು ಓಡಿ ನಿಲ್ಲುತ್ತದೆ. 80 ಕಿಲೋಮೀಟರು ವೇಗದ ಕಾರಿಗೆ 33 ಮತ್ತು 36, ಅಂದರೆ 69 ಮೀಟರು ಬೇಕು. ತುಂಬಿದ ಬಸ್ಸಿಗೂ ಮಳೆಯಲ್ಲಿ ತೊಯ್ದ ರಸ್ತೆಗೂ ಇನ್ನೂ ಹೆಚ್ಚು.

ಎದುರಿನಿಂದ ವಾಹನ ಬರುತ್ತಿದೆಯೆಂದು ತಗ್ಗಿಸಿದ ದೀಪದ ಬೆಳಕಿನಲ್ಲಿ, ಮಬ್ಬು ಬಣ್ಣದ ವಸ್ತುವೊಂದು 50 ಮೀಟರು ದೂರದಲ್ಲಿ ಕಾಣಿಸಿತೆನ್ನಿ. 60ರ ಕಾರು ಐದು ಮೀಟರು ಇರುವಂತೆಯೇ ನಿಂತೀತು. 80ರ ಕಾರು? ಹತ್ತೊಂಬತ್ತು ಮೀಟರು ಕಡಮೆಯಾಯಿತು, ತುಸು ತಾಗಬಹುದು ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಉತ್ತರಿಸುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಬ್ರೇಕಿಗೆ ಉಳಿದದ್ದು ಸುಮಾರು 17 ಮೀಟರು ಮಾತ್ರ. ಅಷ್ಟರಲ್ಲಿ ಚಲನಶಕ್ತಿಯ ಅರ್ಧಕ್ಕಿಂತ ಕಡಮೆ ವ್ಯಯವಾಗಿ, ಕಾರು ತಾಸಿಗೆ ಸುಮಾರು 58 ಕಿಲೋಮೀಟರು ವೇಗದಿಂದ ಟ್ರೇಲರಿಗೆ ಬಡಿಯುತ್ತದೆ. ಇದು 13 ಮೀಟರು, ಎಂದರೆ ನಾಲ್ಕಂತಸ್ತಿನ ಮನೆಯ ಎತ್ತರದಿಂದ ಬಿದ್ದುದಕ್ಕೆ ಸಮ. ಇಪ್ಪತ್ತು ಕಿಲೋಮೀಟರುಗಳ ವ್ಯತ್ಯಾಸವು ಏನೂ ಆಗದುದಕ್ಕೂ ಪ್ರಾಣ ಹೋಗುವುದಕ್ಕೂ ನಡುವಣ ವ್ಯತ್ಯಾಸವಾಯಿತು.

ಜಾತ್ರೆಯ ರಾತ್ರಿ ಬೆಳದಿಂಗಳಿರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲೊಂದು ಪಾಲು. ಕತ್ತಲೆಗೆ ಪಳಗಿದ ಕಣ್ಣಿಗೆ ಅದು ಸಾಕು. ಚಕ್ಕಡಿ ಹೊಡೆಯುವವನು ಅದರಲ್ಲೇ ದಾರಿ ಕಾಣುತ್ತಾನೆ. ಆದರೆ ಕಣ್ಣು ಪೂರ್ತಿ ಪಳಗಲು ಅರ್ಧ ತಾಸು ಬೇಕು. ಎದುರು ವಾಹನದ ದೀಪವೊಂದು ಕಣ್ಣಿಗೆ ಹೊಡೆದರೆ ಅದು ಕ್ಷಣದಲ್ಲಿ ಕೆಡುತ್ತದೆ. ಕಾರಿನವನಿಗೆ ಹುಣ್ಣಿಮೆಯೂ ಅಮಾವಾಸ್ಯೆಯೇ.

ಚಕ್ಕಡಿಯು ಎದುರಿಗೆ ಬಂದರೆ ಎತ್ತುಗಳ ಕಣ್ಣು ಕೆಂಡದಂತೆ ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅವುಗಳ ಅಕ್ಷಿಪಟಲದ ಹಿಂದಿರುವ ಹೊಳಪಿನ ಪದರವು ಬಂದ ಬೆಳಕನ್ನು ಬಂದ ದಿಕ್ಕಿಗೇ ಕಳುಹಿಸುತ್ತದೆ. ದುರ್ದೈವದಿಂದ ಎತ್ತಿಗೆ ಬೆನ್ನ ಕಡೆ ಕಣ್ಣಿಲ್ಲ! ಆ ಕೆಲಸವನ್ನು ಮಾಡುವುದೇ ಗಾಡಿಯ ಹಿಂದೆ ಬಡಿಯುವ ಕೆಂಪು ಪ್ರತಿಫಲಕ. ಸಾಧಾರಣ ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಬೇರೆಡೆಗೆ ಎಸೆಯುತ್ತದೆ. ಒಂದಕ್ಕೊಂದು ಲಂಬವಾಗಿರುವ ಮೂರು ಕನ್ನಡಿಗಳ ಮೂಲೆಯಾದರೋ, ಬೆಳಕು ಯಾವ ಓರೆಯಲ್ಲಿ ಬಂದರೂ ಬಂದ ಕಡೆಗೇ ಹಿಂದಿರುಗಿಸುತ್ತದೆ. ಕೆಂಪು ಬಿಲ್ಲೆಯೊಳಗೆ ಇಂಥ ಮೂಲೆಗಳು ನೂರಾರು ಇರುತ್ತವೆ. 1969ರಲ್ಲಿ ಅಪೊಲೋ 11ರ ಯಾತ್ರಿಕರು ಚಂದ್ರನ ಮೇಲಿಟ್ಟು ಬಂದ ಪ್ರತಿಫಲಕವೂ ಇದೇ ಬಗೆಯದು. ಭೂಮಿಯಿಂದ ಕಳುಹಿಸಿದ ಲೇಸರ್ ಕಿರಣವನ್ನು ಅದು ಇಂದಿಗೂ ಹಿಂದಿರುಗಿಸುತ್ತಿದೆ. ದೀಪಕ್ಕೆ ಬ್ಯಾಟರಿ ಬೇಕು, ತಂತಿ ಬೇಕು. ಬಿಲ್ಲೆಗೆ ಏನೂ ಬೇಡ. ಮಬ್ಬು ಟ್ರೇಲರು 50 ಮೀಟರಿನಲ್ಲಿ ಕಂಡರೆ, ಬಿಲ್ಲೆ ನೂರಾರು ಮೀಟರು ದೂರದಿಂದಲೇ ಕಾಣುತ್ತದೆ. ಅದಕ್ಕೆ ಶತ್ರುವೆಂದರೆ ನಮ್ಮ ಎರೆಮಣ್ಣಿನ ಕೆಸರು ಮತ್ತು ಇಳಿಬಿದ್ದ ಜಲ್ಲೆ.

ಓದುಗರು ಇದನ್ನು ಒಂದು ಟಾರ್ಚಿನಿಂದ ಪರೀಕ್ಷಿಸಬಹುದು. ಕತ್ತಲೆಯಲ್ಲಿ ಸೈಕಲ್ಲಿನ ಹಿಂದಿನ ಬಿಲ್ಲೆಯಿಂದ ನೂರು ಹೆಜ್ಜೆ ದೂರ ನಿಂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಬೆಳಕು ಬಿಡಿ. ಬಿಲ್ಲೆ ಉರಿಯುವಂತೆ ಕಾಣುವುದು. ಟಾರ್ಚನ್ನು ಗೆಳೆಯನ ಕೈಗೆ ಕೊಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಹೊಳಪು ಮಾಯವಾಗುವುದು, ಗೆಳೆಯನಿಗೆ ಮಾತ್ರ ಕಾಣುತ್ತಲೇ ಇರುವುದು. ಬಳಿಕ ಬಿಲ್ಲೆಗೆ ಒಂದು ಹಿಡಿ ಎರೆಮಣ್ಣಿನ ಕೆಸರು ಬಳಿದು ಮತ್ತೊಮ್ಮೆ ನೋಡಿ.