ಒಮ್ಮೆ ಉತ್ತ ಮಾಳ

1993ರ ಸೆಪ್ಟೆಂಬರ್ 30. ಅನಂತ ಚತುರ್ದಶಿಯ ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ನಸುಕಿನ ನಾಲ್ಕರ ಹೊತ್ತಿಗೆ ನೆಲ ನಡುಗಿತು. ಮಹಾರಾಷ್ಟ್ರದ ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಲಿನ ಹತ್ತಾರು ಹಳ್ಳಿಗಳು ಕಲ್ಲುಮಣ್ಣಿನ ರಾಶಿಯಾದವು. ಸುಮಾರು 10,000 ಜನ ಸತ್ತರು. ಆಮೇಲೆ ಸರಕಾರ, ಸಂಘಸಂಸ್ಥೆಗಳು, ಊರ ಜನ ಎಲ್ಲರೂ ಸೇರಿ ದುಡಿದರು. 52 ಊರುಗಳು ಹೊಸ ಜಾಗದಲ್ಲಿ ಎದ್ದು ನಿಂತವು. ಐದಾರು ವರ್ಷಗಳಲ್ಲಿ ಬಹುಪಾಲು ಕುಟುಂಬಗಳ ತಲೆಯ ಮೇಲೆ ಮತ್ತೆ ಸೂರು ಬಂತು.

ಇದೇ ಸೀಮೆಯಲ್ಲಿ ಇನ್ನೊಂದು ಆಸ್ತಿಯೂ ಒಡೆದು ಹೋಗುತ್ತಿದೆ. ಅದನ್ನು ಕಟ್ಟಲು ಐದು ವರ್ಷ ಸಾಲದು, ಐವತ್ತು ವರ್ಷವೂ ಸಾಲದು. ಅದು ಊರ ಹೊರಗಿನ ಮಾಳ. ಮಡ್ಡಿ ಎನ್ನಿ, ಗಾಯರಾಣ ಎನ್ನಿ, ಮರಾಠಿಯಲ್ಲಿ ಮಾಳರಾನ ಎನ್ನಿ, ಎಲ್ಲವೂ ಹುಲ್ಲು ಬೆಳೆಯುವ ಆ ಒಂದೇ ನೆಲದ ಹೆಸರು.

ಗಡಿಯ ಎರಡೂ ಕಡೆ ಒಂದೇ ಹುಲ್ಲು

ಬೀದರದಿಂದ ಭಾಲ್ಕಿ, ಕಮಲನಗರ ದಾಟಿ ರೈಲು ಉದಗೀರ ಮುಟ್ಟುವಾಗ ರಾಜ್ಯ ಬದಲಾದದ್ದು ನಿಲ್ದಾಣದ ಫಲಕದಿಂದ ಮಾತ್ರ ತಿಳಿಯುತ್ತದೆ. ಬಸವಕಲ್ಯಾಣದ ಕಡೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಉಮರಗಾಕ್ಕೆ ಹೋದರೂ ಹಾಗೆಯೇ. ಉದಗೀರ ಮತ್ತು ನಿಲಂಗಾ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ್ ಜಿಲ್ಲೆಯಾದಾಗ ಅದರ ಪಾಲಾದವು. ಉಮರಗಾ ಉಸ್ಮಾನಾಬಾದಿನಲ್ಲೇ ಉಳಿಯಿತು, ಆ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಕಾಗದದ ಮೇಲೆ ಗಡಿ ಇಷ್ಟು ಸಲ ಸರಿದರೂ ನೆಲ ಸರಿಯಲಿಲ್ಲ. ತಗ್ಗಿನಲ್ಲಿ ಎರಿ ಮಣ್ಣು, ದಿಬ್ಬದ ಮೇಲೆ ತೆಳುವಾದ ಮುರುಮು, ಅದರ ಕೆಳಗೆ ದಖ್ಖನ್ನಿನ ಕರಿಕಲ್ಲು. ಬಾಲಾಘಾಟದ ದಿಬ್ಬಗಳಲ್ಲಿ ಹುಟ್ಟಿದ ಮಾಂಜರಾ ನದಿ ಈ ಸೀಮೆಯನ್ನು ಹಾದು ಬೀದರಕ್ಕೆ ಬರುತ್ತದೆ.

ಎರಿ ಹೊಲಕ್ಕೆ ಬೆಳೆ, ಮುರುಮಿನ ದಿಬ್ಬಕ್ಕೆ ಹುಲ್ಲು ಎಂಬುದು ಹಿರಿಯರ ಲೆಕ್ಕ. ಮಿರಗದ ಮಳೆ ಬಿದ್ದು ಹದಿನೈದು ದಿನಕ್ಕೆ ಆ ದಿಬ್ಬ ಹಸಿರಾಗುತ್ತಿತ್ತು. ಶೇಡಾ, ಮಾರ್ವೇಲ್, ಚೂಪು ತೆನೆಯ ಕುಸಳಿ, ನಡುನಡುವೆ ಒಂದೊಂದು ಬಿಳಿಜಾಲಿ, ಬಾರಿ, ಮುತ್ತಲ. ದೇಶದ ಹುಲ್ಲುಗಾವಲುಗಳನ್ನು ಸಮೀಕ್ಷೆ ಮಾಡಿದ ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಭಾರತದ ಹುಲ್ಲನ್ನು ಐದು ಬಗೆಯಾಗಿ ವಿಂಗಡಿಸಿದರು. ದಕ್ಷಿಣ ಪ್ರಸ್ಥಭೂಮಿಯ ಬಗೆಗೆ ಅವರು ಕೊಟ್ಟ ಹೆಸರಿನಲ್ಲಿ ಈ ಶೇಡಾ ಮತ್ತು ಮಾರ್ವೇಲ್‌ಗಳ ಕುಲಗಳೇ ಇವೆ: ಸೆಹಿಮಾ–ಡೈಕ್ಯಾಂಥಿಯಂ.

ಈ ಹುಲ್ಲನ್ನು ತಿಂದು ಬೆಳೆದ ತಳಿ ದೇವಣಿ. ಉದಗೀರದ ಪಕ್ಕದ ದೇವಣಿ ಊರಿನ ಹೆಸರನ್ನೇ ಹೊತ್ತ ಈ ದನ ಹಾಲಿಗೂ ಸೈ, ನೊಗಕ್ಕೂ ಸೈ. ಬೀದರ ಜಿಲ್ಲೆಯ ರೈತರೂ ಅದನ್ನು ತಮ್ಮದೆಂದೇ ಸಾಕುತ್ತಾರೆ. ಉದಗೀರದಲ್ಲೂ ಬೀದರದಲ್ಲೂ ಪಶುವೈದ್ಯ ಶಿಕ್ಷಣ ಸಂಸ್ಥೆಗಳಿವೆ, ತಳಿ ಉಳಿಸುವ ಮಾತು ಎರಡೂ ಕಡೆ ನಡೆಯುತ್ತದೆ. ಆದರೆ ತಳಿ ಉಳಿಯಬೇಕಾದರೆ ಅದು ಮೇಯುವ ಮಾಳವೂ ಉಳಿಯಬೇಕು.

ಬಂಜರು ಎಂಬ ತಪ್ಪು ಹೆಸರು

ಕಂದಾಯ ಬಾರದ ನೆಲಕ್ಕೆಲ್ಲ ಬಂಜರು ಎಂದು ಬರೆದಿಡುವ ರೂಢಿ ಬ್ರಿಟಿಷರ ಕಾಲದಿಂದ ಬಂದದ್ದು. ಇಂದಿನ ಬಂಜರು ಭೂಮಿಯ ನಕಾಶೆಗಳಲ್ಲೂ ಅದು ಮುಂದುವರಿದಿದೆ. ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ದೇಶದ ಒಣಸೀಮೆಯ ಹುಲ್ಲುಗಾವಲು, ಕುರುಚಲು ಬಯಲುಗಳನ್ನು ಗುರುತಿಸಿದರು. ಅವು ದೇಶದ ನೆಲದಲ್ಲಿ ಸುಮಾರು ಶೇಕಡಾ 10ರಷ್ಟಿವೆ. ಅಭಯಾರಣ್ಯಗಳ ಒಳಗೆ ಕಾಪಾಡಲ್ಪಟ್ಟಿರುವುದು ಅದರಲ್ಲಿ ಶೇಕಡಾ 5ಕ್ಕಿಂತ ಕಡಿಮೆ. ಬಹುಪಾಲು ಸರಕಾರಿ ದಾಖಲೆಯಲ್ಲಿ ಬಂಜರು.

ಈ ಬಂಜರಿನಲ್ಲಿ ಏನೇನಿದೆ? ಮಹಾರಾಷ್ಟ್ರದವರೇ ಆದ ಸಸ್ಯಪರಿಸರ ವಿಜ್ಞಾನಿ ಆಶಿಶ್ ನೆರ್ಲೇಕರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಪರ್ಯಾಯ ದ್ವೀಪದ ಇಂಥ ಬಯಲುಗಳಲ್ಲಿ ಮಾತ್ರ ಬೆಳೆದು ಜಗತ್ತಿನ ಬೇರೆಲ್ಲೂ ಸಿಗದ 206 ಸಸ್ಯಗಳಿವೆ. ಅವುಗಳಲ್ಲಿ ಶೇಕಡಾ 43ರಷ್ಟನ್ನು ವಿಜ್ಞಾನ ಗುರುತಿಸಿದ್ದು ಕಳೆದ ಎರಡು ದಶಕಗಳಲ್ಲಿ. ಅಂದರೆ ಇನ್ನೂ ಹೆಸರಿಡದ ಗಿಡಗಳಿರುವ ನೆಲವನ್ನೇ ನಾವು ಏನೂ ಇಲ್ಲದ್ದೆಂದು ಬಗೆದು ಉಳುತ್ತಿದ್ದೇವೆ.

ಹಿಂದೆ ಇಲ್ಲಿ ದಟ್ಟ ಕಾಡಿತ್ತು, ಜನ ಕಡಿದು ಬಯಲು ಮಾಡಿದರು ಎಂಬ ನಂಬಿಕೆಯೂ ಬಲವಾಗಿದೆ. ನೆರ್ಲೇಕರ್ ಮತ್ತು ದಿಗ್ವಿಜಯ ಪಾಟೀಲ 2025ರಲ್ಲಿ ಇದನ್ನು ಒರೆಗೆ ಹಚ್ಚಿದ್ದು ಹಳೆಯ ಮರಾಠಿ ಕತೆ, ಹಾಡು, ಪದ್ಯಗಳಿಂದ. ಪಶ್ಚಿಮ ಮಹಾರಾಷ್ಟ್ರಕ್ಕೆ ಸಂಬಂಧಿಸಿದ ಆ ಸಾಹಿತ್ಯದಲ್ಲಿ ಕೆಲವು 13ನೇ ಶತಮಾನದಷ್ಟು ಹಳೆಯವು. ಅವುಗಳಲ್ಲಿ ಬರುವ ಕಾಡುಗಿಡಗಳಲ್ಲಿ ಹೆಚ್ಚಿನವು ಮುಳ್ಳುಮರ ಚದುರಿದ ಹುಲ್ಲುಬಯಲಿನವೇ. ಕುರಿ ಕಾಯುವ ಧನಗರರು, ದನಗಾಹಿಗಳು ಕಂಡದ್ದೂ ಅಂಥ ಬಯಲನ್ನೇ. ಆ ಬಯಲು ಅಳಿದ ಕಾಡಿನ ಅವಶೇಷವಲ್ಲ.

ನೇಗಿಲು ಬಿಟ್ಟ ಗಾಯ

ಲಾತೂರ್ ಇಂದು ಸೋಯಾಬೀನ್ ಮತ್ತು ತೊಗರಿಯ ದೊಡ್ಡ ಪೇಟೆ. ಎತ್ತಿನ ನೇಗಿಲು ಹತ್ತದ ಮುರುಮಿನ ದಿಬ್ಬವನ್ನು ಟ್ರ್ಯಾಕ್ಟರ್ ಹತ್ತಿತು. ಒಂದೆರಡು ವರ್ಷ ಬಿತ್ತಿ, ಬೆಳೆ ಬಾರದೆ ಬೀಡು ಬಿಟ್ಟ ತುಂಡುಗಳು ಬಹಳ. ಬೀಡು ಬಿಟ್ಟ ಮೇಲೆ ಹುಲ್ಲು ತಾನೇ ಬರುತ್ತದಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ.

ಆ ಸಮಾಧಾನಕ್ಕೆ ಆಧಾರವಿಲ್ಲ ಎಂದು ತೋರಿಸಿದ ಅಧ್ಯಯನವೊಂದಿದೆ. ನೆರ್ಲೇಕರ್ ಮತ್ತು ಅಮೆರಿಕದ ಜೋಸೆಫ್ ವೆಲ್ಡ್‌ಮನ್ ಆರು ಖಂಡಗಳ 31 ಅಧ್ಯಯನಗಳನ್ನು ಒಟ್ಟು ಸೇರಿಸಿ 2020ರಲ್ಲಿ ಪ್ರಕಟಿಸಿದರು. ಎಂದೂ ಉಳದ ಹಳೆಯ ಹುಲ್ಲುಗಾವಲಿಗೆ ಹೋಲಿಸಿದರೆ, ನಾಶವಾದ ಮೇಲೆ ಮತ್ತೆ ಚಿಗುರಿದ ಹುಲ್ಲುಗಾವಲಿನಲ್ಲಿ ಸಸ್ಯಜಾತಿಗಳು ಶೇಕಡಾ 37ರಷ್ಟು ಕಡಿಮೆ. ಹಳೆಯ ಸಂಖ್ಯೆಗೆ ಮರಳಲು ಕಡಿಮೆಯೆಂದರೂ ನೂರು ವರ್ಷ. ಅವರ ಲೆಕ್ಕಾಚಾರದ ಸರಾಸರಿ 1,400 ವರ್ಷ. ಮೊದಲ ಮೂರು ದಶಕ ಅಲ್ಲಿ ತುಂಬಿಕೊಳ್ಳುವುದು ಬಹುಮಟ್ಟಿಗೆ ಕಳೆ. 2024ರಲ್ಲಿ ಮಹಾರಾಷ್ಟ್ರದ ಬಯಲುಗಳಲ್ಲೇ ನಡೆಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು: ಉತ್ತು ಬಿಟ್ಟ ನೆಲವಾಗಲಿ, ಮರ ನೆಟ್ಟ ನೆಲವಾಗಲಿ, ಹಳೆಯ ಮಾಳದ ಬಹುವಾರ್ಷಿಕ ಗಿಡಗಳನ್ನು ಕಳೆದುಕೊಂಡಿವೆ.

ಕಾರಣ ಮಣ್ಣಿನ ಕೆಳಗಿದೆ. ಮಾಳದ ಅರ್ಧ ಜೀವ ಗೆಡ್ಡೆ, ಬೇರು, ಬುಡಗಳಲ್ಲಿ ಅಡಗಿರುತ್ತದೆ. ನೆಲತಾಳೆ, ಬಿಳಿ ಮುಸಲಿ, ಅಗ್ನಿಶಿಖೆ ಎಂಟು ತಿಂಗಳು ನೆಲದೊಳಗೆ ಕಾದಿದ್ದು ಮಳೆಗೆ ಮೇಲೇಳುತ್ತವೆ. ಬೆಂಕಿ ಬಿದ್ದರೂ, ಬರ ಬಂದರೂ, ದನ ಮೇಯ್ದರೂ ಅವು ಸಾಯುವುದಿಲ್ಲ. ಆದರೆ ನೇಗಿಲು ಗೆಡ್ಡೆಯನ್ನೇ ಮೇಲೆ ಕಿತ್ತು ಹಾಕುತ್ತದೆ. ಇಂಥ ಗಿಡಗಳ ಬೀಜ ದೂರ ಹಾರಿ ಹೋಗುವುದು ಕಡಿಮೆ, ಬೆಳೆಯುವುದು ನಿಧಾನ. ಹೋದದ್ದು ಮರಳಿ ಬರುವ ದಾರಿಯೇ ಇಲ್ಲವಾಗುತ್ತದೆ.

ಮರ ನೆಟ್ಟರೆ ಸಾಕೇ?

ಲಾತೂರ್ ಜಿಲ್ಲೆಯಲ್ಲಿ ಕಾಡು ಶೇಕಡಾ 1ಕ್ಕಿಂತ ಕಡಿಮೆ. ದೇಶದ ಮೂರನೆಯ ಒಂದು ಪಾಲು ನೆಲದಲ್ಲಿ ಕಾಡು ಮತ್ತು ಮರವಿರಬೇಕು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. ಜೊತೆಗೆ 2016ರ ಬರ: ಲಾತೂರಿನ ಜನಕ್ಕೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂದ ವರ್ಷ. ಮರವಿಲ್ಲದ್ದರಿಂದಲೇ ಮಳೆಯಿಲ್ಲ ಎಂಬ ಮಾತು ಮನೆಮನೆಗೆ ಹೋಯಿತು. ಮಹಾರಾಷ್ಟ್ರ ಸರಕಾರ 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿ ನೆಡುವ ಗುರಿ ಇಟ್ಟುಕೊಂಡಿತು. ಆ ಆಸೆಯ ಹಿಂದಿನ ಸಂಕಟ ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಇಷ್ಟು ಸಸಿಗೆ ಜಾಗ ಎಲ್ಲಿ? ಹೊಲದಲ್ಲಿ ಇಲ್ಲ, ಊರಲ್ಲಿ ಇಲ್ಲ. ಉಳಿಯುವುದು ಗಾಯರಾಣ ಮತ್ತು ಅರಣ್ಯ ಇಲಾಖೆಯ ಹುಲ್ಲುಬಯಲು. ದನ ಮುಟ್ಟುವುದಿಲ್ಲ, ಬೇಗ ಬೆಳೆಯುತ್ತದೆ ಎಂದು ಮಧ್ಯ ಅಮೆರಿಕ ಮೂಲದ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ರಾಜ್ಯದ ಎಷ್ಟೋ ದಿಬ್ಬಗಳನ್ನು ಹತ್ತಿತು. ಬಿಸಿಲು ಬೇಡುವ ಹುಲ್ಲು ಅದರ ನೆರಳಿಗೆ ಸಾಯುತ್ತದೆ. ಸಸಿಯ ಗುಂಡಿ, ನೀರಿಂಗಿಸುವ ಉದ್ದನೆಯ ಕಾಲುವೆ ಎಂದು ಗಟ್ಟಿ ಹುಲ್ಲಿನ ನೆಲವನ್ನು ಅಗೆದಾಗ ನೇಗಿಲು ಮಾಡಿದ ಗಾಯವೇ ಮತ್ತೊಮ್ಮೆ ಆಗುತ್ತದೆ. ನಡುವೆ ಬಳ್ಳಾರಿ ಜಾಲಿ ನುಗ್ಗುತ್ತದೆ.

ಇದರ ಪಾಠ ಕರ್ನಾಟಕಕ್ಕೆ ಹೊಸದಲ್ಲ. ರಾಣೆಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದು ಕೃಷ್ಣಮೃಗಕ್ಕೆ ಮತ್ತು ಎರೆಬೂತ ಹಕ್ಕಿಗೆ. ಅಲ್ಲಿನ ಹುಲ್ಲುಬಯಲಿನ ಬಹುಭಾಗ ನೀಲಗಿರಿ ನೆಡುತೋಪಾಯಿತು. ಕೃಷ್ಣಮೃಗ ಹೇಗೋ ಉಳಿಯಿತು, ಬಯಲಿಲ್ಲದೆ ಬದುಕದ ಎರೆಬೂತ ಹೋಯಿತು. ಉಮರಗಾದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಸೊಲ್ಲಾಪುರ, ಅದರ ಹತ್ತಿರ ನಾನ್ನಜ. ಮರಾಠಿಯಲ್ಲಿ ಮಾಳಢೋಕ ಎಂದು ಮಾಳದ ಹೆಸರನ್ನೇ ಹೊತ್ತ ಆ ಹಕ್ಕಿಗಾಗಿ 1979ರಲ್ಲಿ ಅಲ್ಲಿ ಅಭಯಾರಣ್ಯ ಆಯಿತು. ಇಂದು ಅಲ್ಲೂ ಅದು ಕಾಣುವುದು ಅಪರೂಪ.

ಮಾಳವನ್ನು ಮತ್ತೆ ಕಟ್ಟುವ ಬಗೆ

ಹಾಗಾದರೆ ಕೈ ಕಟ್ಟಿ ಕೂರಬೇಕೇ? ಖಂಡಿತ ಬೇಡ. ಹುಲ್ಲುಗಾವಲಿನ ಪುನಶ್ಚೇತನ ಇಂದು ಬೆಳೆಯುತ್ತಿರುವ ವಿಜ್ಞಾನ. ಅದರ ಮೊದಲ ಪಾಠ, ಎಂದೂ ಉಳದ ತುಂಡು ಎಲ್ಲಿದೆ ಎಂದು ಗುರುತಿಸಿ ಅದನ್ನು ಮುಟ್ಟದೆ ಉಳಿಸುವುದು. ಅದು ಇಡೀ ಸೀಮೆಗೆ ಬೀಜದ ಕಣಜ. ಎರಡನೆಯದು, ಕೆಟ್ಟ ನೆಲದಿಂದ ಬಳ್ಳಾರಿ ಜಾಲಿ, ಗೊಬ್ಬರದ ಗಿಡಗಳನ್ನು ಬುಡಸಹಿತ ತೆಗೆಯುವುದು, ಕಡಿದು ಬಿಟ್ಟರೆ ಮತ್ತೆ ಚಿಗುರುತ್ತವೆ. ಮೂರನೆಯದು, ದಸರೆ ದೀಪಾವಳಿ ಹೊತ್ತಿಗೆ ಮಾಗಿದ ಶೇಡಾ, ಮಾರ್ವೇಲ್ ತೆನೆಗಳನ್ನು ಹತ್ತಿರದ ಮಾಳದಿಂದಲೇ ಕೂಡಿಸಿ, ಮುಂದಿನ ಮಿರಗಕ್ಕೆ ಬೀಡು ನೆಲದಲ್ಲಿ ಚೆಲ್ಲುವುದು. ದೂರದೂರಿನ ಬೀಜ ಬೇಡ, ಒಂದೇ ಜಾತಿಯ ಬೀಜವೂ ಬೇಡ.

ನಾಲ್ಕನೆಯದು ದನಗಾಹಿಗಳನ್ನು ಹೊರಗಿಡದಿರುವುದು. ಹುಲ್ಲು ಚಿಗುರಿ ತೆನೆಗಟ್ಟುವ ಮಳೆಗಾಲದಲ್ಲಿ ಪಾಳಿಯ ಮೇಲೆ ಒಂದೊಂದು ತುಂಡನ್ನು ಮೇಯಿಸದೆ ಬಿಟ್ಟು, ಆಮೇಲೆ ಕೊಯ್ಲಿಗೂ ಮೇಯಲಿಕ್ಕೂ ತೆರೆದಿಟ್ಟರೆ ಹುಲ್ಲು ಗಟ್ಟಿಯಾಗುತ್ತದೆ. ಯಾರೂ ಮೇಯಿಸದ ಬಯಲನ್ನು ಕೊನೆಗೆ ಕುರುಚಲು ನುಂಗುತ್ತದೆ. ಮರವೂ ಬೇಕು, ಆದರೆ ಅದಕ್ಕೆ ಹೊಲದ ಬದು, ಹಳ್ಳದ ದಂಡೆ, ರಸ್ತೆಯ ಅಂಚು, ಶಾಲೆಯ ಅಂಗಳ ಇವೆ. ಅಲ್ಲಿ ಬೇವು, ಬನ್ನಿ, ಹುಣಸೆ ಬೆಳೆಯಲಿ.

ಇಷ್ಟು ಮಾಡಿದರೂ ನಮ್ಮ ಕಾಲದಲ್ಲಿ ಹಳೆಯ ಮಾಳ ಪೂರ್ತಿ ಮರಳುವುದಿಲ್ಲ. ಮಣ್ಣು ನಿಲ್ಲುತ್ತದೆ, ಮೇವು ಸಿಗುತ್ತದೆ, ಹಕ್ಕಿ ಬರುತ್ತದೆ. ಗೆಡ್ಡೆಯ ಗಿಡಗಳು ಬರುವುದನ್ನು ಮೊಮ್ಮಕ್ಕಳ ಮೊಮ್ಮಕ್ಕಳು ನೋಡಬೇಕು. ಅದಕ್ಕೇ ಉತ್ತು ಸರಿಪಡಿಸುವುದಕ್ಕಿಂತ ಉಳದೆ ಬಿಡುವುದು ಅಗ್ಗ.

ಕಾನೂನು ಊರಿನ ಪರವಾಗಿಯೇ ಇದೆ. ಊರೊಟ್ಟಿನ ನೆಲದ ಒತ್ತುವರಿ ತೆರವು ಮಾಡಿ ಗ್ರಾಮಕ್ಕೆ ಮರಳಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಉಮರಗಾ, ನಿಲಂಗಾ, ಉದಗೀರದವರಾಗಲಿ, ಗಡಿಯ ಈಚೆಗಿನ ಬಸವಕಲ್ಯಾಣ, ಭಾಲ್ಕಿ, ಔರಾದದವರಾಗಲಿ, ಮುಂದಿನ ಗ್ರಾಮಸಭೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: ನಮ್ಮ ಊರಲ್ಲಿ ಎಂದೂ ಉಳದ ಗಾಯರಾಣ ಎಷ್ಟು ಎಕರೆ ಉಳಿದಿದೆ? ಉತ್ತರವನ್ನು ಠರಾವಿನಲ್ಲಿ ಬರೆಸಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ: ಈ ನೆಲಕ್ಕೆ ನೇಗಿಲೂ ಬೇಡ, ಗುಂಡಿಯೂ ಬೇಡ.