ಕೂತೇ ಇರುವವರ ಪೃಷ್ಠಪುರಾಣ

ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಸ್ನಾಯು ಯಾವುದು ಅಂತ ಕೇಳಿದರೆ ಎದೆ, ತೋಳು ಅನ್ನುವವರೇ ಜಾಸ್ತಿ. ಉತ್ತರ ನಾವು ಕೂರುವ ಜಾಗದಲ್ಲೇ ಇದೆ: ಗ್ಲೂಟಿಯಸ್ ಮ್ಯಾಕ್ಸಿಮಸ್. ಪುಣೆ, ಹೈದರಾಬಾದಿನಲ್ಲಿ ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ನಮ್ಮಂಥ ಐಟಿಯವರು ಇದನ್ನು ಬರೀ ದಿಂಬು ಅಂದುಕೊಂಡುಬಿಟ್ಟಿದ್ದೇವೆ.

ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ ನಡೆಯುವಾಗ ಇದಕ್ಕೆ ಅಷ್ಟೇನೂ ಕೆಲಸವಿಲ್ಲ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಓಡುವಾಗ ಮಾತ್ರ ತೊಡೆಯನ್ನು ಹಿಂದಕ್ಕೆ ತಳ್ಳಿ ಮೈಯನ್ನು ಎತ್ತುವುದು ಇದೇ. ಶಾಲೆಯಲ್ಲಿ ಮೇಷ್ಟ್ರು ಹೊಡೆಸುತ್ತಿದ್ದ ಬಸ್ಕಿ ಶಿಕ್ಷೆಯೇ ಆದರೂ ಈ ಸ್ನಾಯುವಿಗೆ ಒಳ್ಳೆಯ ವ್ಯಾಯಾಮ.

ನನಗೆ ಹೆಚ್ಚು ಸೋಜಿಗ ಅನಿಸುವುದು ಅದರ ಅಡಿಯಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್. ನಡೆಯುವುದು ಅಂದರೆ ಒಂದಾದ ಮೇಲೊಂದು ಕಾಲಿನ ಮೇಲೆ ನಿಲ್ಲುವುದೇ ತಾನೆ? ಬಲಗಾಲು ಎತ್ತಿದಾಗ ಸೊಂಟದ ಬಲಭಾಗ ಕೆಳಗೆ ಜೋಲಬೇಕಿತ್ತು. ಹಾಗಾಗದಂತೆ ಎಡಬದಿಯ ಈ ಎರಡು ಸ್ನಾಯುಗಳು ಸೊಂಟವನ್ನು ಬಿಗಿಹಿಡಿಯುತ್ತವೆ. ಅವು ಸೋತರೆ ಎತ್ತಿದ ಕಾಲಿನ ಕಡೆ ಸೊಂಟ ವಾಲುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಲಕ್ಷಣವನ್ನು ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಕನ್ನಡಿ ಮುಂದೆ ಒಂಟಿಗಾಲಲ್ಲಿ ಅರ್ಧ ನಿಮಿಷ ನಿಂತು ನೋಡಿ (ಗೋಡೆ ಪಕ್ಕದಲ್ಲೇ ಇರಲಿ!).

ಇನ್ನೂ ಒಳಗೆ, ಬೆನ್ನುಮೂಳೆಯ ಬುಡದಿಂದ ತೊಡೆಮೂಳೆಯ ಮೇಲ್ತುದಿಗೆ ಅಡ್ಡಲಾಗಿ ಪಿರಿಫಾರ್ಮಿಸ್ ಎಂಬ ಚಿಕ್ಕ ಸ್ನಾಯು ಇದೆ. ಸಾಮಾನ್ಯವಾಗಿ ಅದರ ಕೆಳಗಿನಿಂದಲೇ ದೇಹದ ಅತಿ ದಪ್ಪ ನರವಾದ ಸಯಾಟಿಕ್ ಹೊರಬಂದು ಕಾಲಿಗಿಳಿಯುತ್ತದೆ. ಕೆಲವರಲ್ಲಿ ಅದು ಸ್ನಾಯುವನ್ನೇ ತೂರಿಕೊಂಡು ಬರುವುದೂ ಉಂಟು. ಸ್ನಾಯು ಬಿಗಿದರೆ ನರ ಕೆರಳಿ, ಪೃಷ್ಠದಿಂದ ಕಾಲಿನವರೆಗೆ ನೋವು ಎಳೆಯಬಹುದು. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡೇ ಗಂಟೆಗಟ್ಟಲೆ ಕೂರುವವರಿಗೆ ಇದು ಪರಿಚಯದ ನೋವು. ದಯವಿಟ್ಟು ಪರ್ಸನ್ನು ಮೇಜಿನ ಮೇಲಿಡಿ.

ಆದರೆ ಇದೇ ಬಗೆಯ ನೋವು ಬೆನ್ನಿನ ಡಿಸ್ಕ್ ಜರುಗಿದಾಗಲೂ ಬರುತ್ತದೆ, ನಿಜ ಹೇಳಬೇಕೆಂದರೆ ಅದೇ ಹೆಚ್ಚು. ಯೂಟ್ಯೂಬ್ ನೋಡಿ ಕಾಲು ಎಳೆದುಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ತೊಡೆಸಂದಿಯಲ್ಲಿ ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅಥವಾ ಪಾದ ಎತ್ತಲಾಗದಿದ್ದರೆ ಬೆಳಗಿನವರೆಗೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಪೃಷ್ಠಕ್ಕೆ ಇಂಜೆಕ್ಷನ್ ಕೊಡುವಾಗ ನರ್ಸ್ ನಡುಭಾಗ ಬಿಟ್ಟು ಮೇಲಿನ ಹೊರಮೂಲೆಯನ್ನೇ ಹುಡುಕುವುದು ಈ ಸಯಾಟಿಕ್ ನರಕ್ಕೆ ಸೂಜಿ ತಾಗದಿರಲಿ ಅಂತ.